ಜೀವಕೋಶದ ಪೊರೆ ಮತ್ತು ಉಪ್ಪು-ಸಕ್ಕರೆಯ ನೀರು

ಮಗುವಿಗೆ ಭೇದಿ ಶುರುವಾದರೆ ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತೊಂದಿದೆ: "ನೀರು ಕೊಡಬೇಡಿ, ಕುಡಿದಷ್ಟೂ ಹೋಗುತ್ತದೆ." ಈ ಮಾತು ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಯಲು ನಾವು ಜೀವಕೋಶದ ಪೊರೆಯ ಬಗ್ಗೆ ಸ್ವಲ್ಪ ಅರಿಯಬೇಕು.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಒಂದು ಪೊರೆಯಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತು ಈ ಪೊರೆಯಾಗಿವೆ. ಅವುಗಳ ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರು ಆಗದು. ಆದ್ದರಿಂದ ತಲೆಗಳು ಹೊರಮುಖವಾಗಿಯೂ ಬಾಲಗಳು ನಡುವೆ ಅಡಗಿಯೂ ಇರುತ್ತವೆ. ಈ ಪೊರೆ ಗೋಡೆಯಂತೆ ಗಟ್ಟಿಯಲ್ಲ, ಎಣ್ಣೆಯಂತೆ ಹರಿದಾಡುತ್ತದೆ, ಅದರಲ್ಲಿ ಪ್ರೋಟೀನುಗಳು ತೇಲುತ್ತಿರುತ್ತವೆ ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ವಿವರಿಸಿದರು.

ಆಮ್ಲಜನಕ ಈ ಕೊಬ್ಬಿನ ಪದರವನ್ನು ಸುಲಭವಾಗಿ ದಾಟುತ್ತದೆ. ಉಪ್ಪು, ಸಕ್ಕರೆಗಳಿಗೆ ಅದು ಸಾಧ್ಯವಿಲ್ಲ. ಅವುಗಳಿಗೆ ಪ್ರೋಟೀನುಗಳೇ ಬಾಗಿಲು. ಸಣ್ಣ ಕರುಳಿನ ಕೋಶಗಳಲ್ಲಿರುವ ಒಂದು ಬಾಗಿಲಂತೂ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಅವು ಒಳಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ.

ಕಾಲರಾ ರೋಗಾಣುವಿನ ವಿಷವು ಕರುಳಿನ ಪೊರೆಯ ಇನ್ನೊಂದು ಬಾಗಿಲನ್ನು ತೆರೆದಿಡುತ್ತದೆ. ಅದರಿಂದ ಲವಣವೂ ನೀರೂ ಹೊರಗೆ ಸುರಿಯುತ್ತವೆ. ಆದರೆ ಉಪ್ಪು-ಸಕ್ಕರೆಯ ಜೋಡಿ ಬಾಗಿಲು ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ ಹಾಕುವ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಆದ್ದರಿಂದ ಭೇದಿಯಾದಾಗ ನಾವು ನೀರು ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸೋಣ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಿರಬಾರದು. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ. ಎದೆಹಾಲನ್ನೂ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲೂ ಕುಡಿಸುತ್ತಿರೋಣ.