ಸವೆದು ಉದ್ದವಾದ ಸರಪಳಿ

ಸರಪಳಿ ಎಂಬ ಮಾತು ನಮ್ಮ ಸಾಹಿತ್ಯದಲ್ಲಿ ಅಷ್ಟೇನೂ ಒಳ್ಳೆಯ ಹೆಸರು ಪಡೆದದ್ದಲ್ಲ. ಸಂಸ್ಕೃತದ ಶೃಂಖಲೆ ಕನ್ನಡಕ್ಕೆ ಬಂದು ಸಂಕಲೆಯಾಯಿತು, ಸಂಕೋಲೆಯಾಯಿತು. ಸೆರೆಯಾಳಿನ ಕಾಲಿಗೆ, ಮದ್ದಾನೆಯ ಪಾದಕ್ಕೆ, ಭವಬಂಧನದ ವರ್ಣನೆಗೆ ಬೇಕಾಯಿತು. ಆಲಂಕಾರಿಕರು ಮಾತ್ರ ಸ್ವಲ್ಪ ಔದಾರ್ಯ ತೋರಿ, ಒಂದರ ಕೊನೆ ಇನ್ನೊಂದರ ಮೊದಲಾಗಿ ಸಾಗುವ ಕಾರಣಮಾಲೆ, ಏಕಾವಳಿ ಮೊದಲಾದ ಅಲಂಕಾರಗಳಲ್ಲಿ ಶೃಂಖಲೆಯ ಚೆಲುವನ್ನು ಕಂಡರು. ಕಟ್ಟಿಹಾಕುವ ಸರಪಳಿಯನ್ನು ಕುರಿತು ಇಷ್ಟೆಲ್ಲ ಬರೆದ ನಮ್ಮವರು, ಓಡಿಸುವ ಸರಪಳಿಯನ್ನು ಕುರಿತು ಬರೆದದ್ದು ಕಡಮೆ. ಬರೆಯುವುದಾದರೂ ಹೇಗೆ? ಅದು ನಮ್ಮ ಬೀದಿಗೆ ಬಂದದ್ದೇ ಈಚೆಗೆ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ರೂಪಿಸಿದ ಚೈನೇ ಇಂದಿನ ಬೈಸಿಕಲ್ಲು, ಮೋಟಾರ್ ಸೈಕಲ್ಲುಗಳ ಚೈನುಗಳಿಗೆಲ್ಲ ಮೂಲಪುರುಷ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ಒಂದು ಸದ್ದಿನಿಂದ. ನನ್ನದು ನೂರು ಸಿ.ಸಿ.ಯ ಸಾಧಾರಣ ಮೋಟಾರ್ ಸೈಕಲ್ಲು. ಕಾಲೇಜಿಗೆ ಹೋಗಿಬರಲು ದಿನಕ್ಕೆ ಐವತ್ತು ಕಿಲೋಮೀಟರು. ದಾರಿಯಲ್ಲಿರುವ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಮನೆಯವರು ಉಪಾಧ್ಯಾಯಿನಿಯಾದ್ದರಿಂದ ಅರ್ಧ ದಾರಿ ಅವರೂ ಹಿಂದೆ ಕುಳಿತಿರುತ್ತಾರೆ. ಕಳೆದ ತಿಂಗಳು ಕಬ್ಬು ಹೇರಿದ ಟ್ರ್ಯಾಕ್ಟರೊಂದನ್ನು ದಾಟುವಾಗ ಗಾಡಿ ಮುಂದಕ್ಕೆ ಚಿಮ್ಮುವ ಬದಲು ಕೆಳಗಿನಿಂದ ‘ಕಡಕ್’ ಎಂದಿತು. ಇಂಜಿನ್ ಗುಡುಗಿತು, ಚಕ್ರ ಒಂದು ಗಳಿಗೆ ಮರೆತಂತೆ ನಿಂತು, ಮತ್ತೆ ಎಚ್ಚೆತ್ತು ತಿರುಗಿತು. ಎದುರಿಗೆ ಲಾರಿ ದೂರವಿತ್ತು, ಅಷ್ಟೇ. ಚೈನು ಹಲ್ಲು ಹಾರಿತ್ತು. ಹಾರುವ ಚೈನು ಒಂದು ದಿನ ಹರಿಯಬಹುದು. ಹರಿದದ್ದು ಹಿಂಚಕ್ರಕ್ಕೆ ಸುತ್ತಿಕೊಂಡರೆ ಚಕ್ರ ಓಡುತ್ತಿದ್ದ ಹಾಗೆಯೇ ಬಿಗಿದುಕೊಳ್ಳುತ್ತದೆ. ಹಿಂದೆ ಕುಳಿತವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಇದೇ ಚೈನಿಗೆ ಚಿಕಿತ್ಸೆಯಾಗಿತ್ತು. ಸಡಿಲವಾದ ಚೈನನ್ನು ಬಿಗಿ ಮಾಡಲು ಹಿಂಚಕ್ರವನ್ನು ಹಿಂದಕ್ಕೆ ಸರಿಸುತ್ತಾರೆ. ಸರಿಸಲು ಇನ್ನು ಎಡೆಯಿಲ್ಲವೆಂದಾಗ ಆ ಅಂಗಡಿಯವರು ಎರಡು ಕೊಂಡಿಗಳನ್ನು ಕತ್ತರಿಸಿ, ಮತ್ತೆ ಜೋಡಿಸಿ, “ಹೊಸದರ ಹಾಗಾಯ್ತು” ಎಂದು ಕಳುಹಿಸಿದ್ದರು. ಉದ್ದವಾದುದನ್ನು ಗಿಡ್ಡ ಮಾಡಿದರೆ ಸರಿಹೋಯಿತೆಂಬ ಈ ವೈದ್ಯ ಎಷ್ಟು ಪೊಳ್ಳೆಂಬುದು ಚೈನು ಉದ್ದವಾಗುವ ಬಗೆಯನ್ನು ತಿಳಿದರೆ ಗೊತ್ತಾಗುತ್ತದೆ.

ಚೈನು ಎಳೆದೆಳೆದು ಹಿಗ್ಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ರಬ್ಬರಲ್ಲ, ಹಿಗ್ಗುವುದಿಲ್ಲ. ಇಕ್ಕೆಲದ ತಗಡುಗಳ ಉದ್ದ ಹೊಸತರಲ್ಲಿ ಎಷ್ಟಿತ್ತೋ ಕೊನೆಗೂ ಹೆಚ್ಚುಕಡಮೆ ಅಷ್ಟೇ. ಬದಲಾಗುವುದು ಕೀಲು. ಪ್ರತಿಯೊಂದು ಕೀಲಿನಲ್ಲೂ ಒಂದು ಪಿನ್ನು, ಅದರ ಮೇಲೆ ಕೊಳವೆಯಂಥ ಬುಷ್ಷು, ಅದರ ಮೇಲೆ ಹಲ್ಲಿಗೆ ತಾಗಿ ಉರುಳುವ ರೋಲರು. ರೆನಾಲ್ಡನ ಜಾಣ್ಮೆಯೆಲ್ಲ ಆ ಬುಷ್ಷಿನಲ್ಲಿದೆ. ತೆಳು ತಗಡಿನ ಅಂಚನ್ನು ಉಜ್ಜುತ್ತಿದ್ದ ಪಿನ್ನಿನ ಭಾರವನ್ನು ಅದು ಅಗಲಕ್ಕೆ ಹಂಚಿತು. ಚೈನು ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಕೀಲೂ ನಾಲ್ಕು ಬಾರಿ ಬಾಗುತ್ತದೆ: ಮುಂದಿನ ಹಲ್ಲುಚಕ್ರಕ್ಕೆ ಏರುವಾಗ, ಇಳಿಯುವಾಗ, ಹಿಂದಿನದಕ್ಕೆ ಏರುವಾಗ, ಇಳಿಯುವಾಗ. ಬಾಗಿದಾಗಲೆಲ್ಲ ಪಿನ್ನು ಬುಷ್ಷಿನೊಳಗೆ ತುಸು ತಿರುಗುತ್ತದೆ. ನಡುವೆ ಎಣ್ಣೆಯಿದ್ದರೆ ಸರಿ. ಎಣ್ಣೆಗೆ ನಮ್ಮ ದಾರಿಯ ಧೂಳು ಬೆರೆತರೆ ಅದು ಸಾಣೆಯ ಅರಲಾಗಿ ಉಕ್ಕನ್ನು ತಿನ್ನುತ್ತದೆ. ಕೀಲಿಗೆ ಕಾಲು ಮಿಲಿಮೀಟರು ಸವೆದರೂ ಸಾಕು. ನೂರು ಕೀಲು ಸೇರಿದಾಗ ಎರಡೂವರೆ ಸೆಂಟಿಮೀಟರಾಗುತ್ತದೆ. ವ್ಯಾಕರಣ ಹೇಳುವ ನನ್ನಂಥವನಿಗೆ ಇದೊಂದು ಸೋಜಿಗ. ನಮ್ಮ ಲೋಪಸಂಧಿಯಲ್ಲಿ ಅಕ್ಷರ ಕಳೆದರೆ ಮಾತು ಗಿಡ್ಡವಾಗುತ್ತದೆ. ಚೈನಿನ ಸಂಧಿಯಲ್ಲಿ ಲೋಪವಾದರೆ ಅದು ಉದ್ದವಾಗುತ್ತದೆ!

ಇದನ್ನು ಅಳೆಯುವುದಕ್ಕೆ ಶಾಲೆಯ ಮರದ ಅಡಿಕೋಲೇ ಸಾಕು. ಇಂಥ ಗಾಡಿಗಳ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಒಂದು ಪಿನ್ನಿನ ನಡುವಿನಿಂದ ಹಿಡಿದು 24 ಕೊಂಡಿಗಳಾಚೆಯ ಪಿನ್ನಿನ ನಡುವಿಗೆ ಹೊಸ ಚೈನಾದರೆ ಸರಿಯಾಗಿ ಒಂದು ಅಡಿ. ನೂರಕ್ಕೆ ಎರಡರಷ್ಟು, ಎಂದರೆ ಕಾಲು ಅಂಗುಲದಷ್ಟು ಹೆಚ್ಚಾದರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ನನ್ನದು 311 ಮಿ.ಮೀ. ಇತ್ತು, ಇರಬೇಕಾದದ್ದು 304.8.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಗೋಣಿತಾಟು ಹಾಸಿ ಕೆಲಸ ಮೊದಲುಮಾಡಿದೆ. ಬಿ.ಎ. ಎರಡನೆಯ ವರ್ಷದ ನನ್ನ ವಿದ್ಯಾರ್ಥಿಯೊಬ್ಬ ಸಂಜೆಯ ಹೊತ್ತು ಗ್ಯಾರೇಜೊಂದರಲ್ಲಿ ದುಡಿಯುತ್ತಾನೆ. ತರಗತಿಯಲ್ಲಿ ಕೊನೆಯ ಬೆಂಚು, ವ್ಯಾಕರಣದಲ್ಲಿ ಕಷ್ಟಪಟ್ಟು ಪಾಸು. ಸ್ಪ್ಯಾನರುಗಳನ್ನು ಕೊಡಲು ಬಂದವನು ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತ.

“ಚೈನು ಒಂದೇ ತಂದಿದೀರೋ, ಸೆಟ್ಟು ತಂದಿದೀರೋ ಸಾರ್?” ಎಂಬುದು ಅವನ ಮೊದಲ ಪ್ರಶ್ನೆ. ಸೆಟ್ಟೆಂದರೆ ಚೈನು ಮತ್ತು ಮುಂದಿನ, ಹಿಂದಿನ ಸ್ಪ್ರಾಕೆಟ್ಟುಗಳು. ಸೆಟ್ಟನ್ನೇ ತಂದಿದ್ದೆ. ಸವೆದ ಚೈನಿನ ಕೊಂಡಿಗಳು ಹಲ್ಲುಗಳ ನಡುವಿನ ಅಂತರಕ್ಕೆ ಹೊಂದದೆ ಹಲ್ಲಿನ ತುದಿಯತ್ತ ಏರಿ ಕೂರುತ್ತವೆ. ಹಾಗೆ ಕೂತು ಕೂತು ಹಲ್ಲುಗಳು ಸವೆದು ಗಿಳಿಯ ಕೊಕ್ಕಿನಂತೆ ಬಾಗುತ್ತವೆ. ಬಾಗಿದ ಹಲ್ಲಿಗೆ ಹೊಸ ಚೈನು ತೊಡಿಸಿದರೆ ಹಳೆಯದರ ರೋಗ ಹೊಸದಕ್ಕೆ ಬೇಗ ಅಂಟುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಇಡೀ ಚೈನನ್ನೇ ಕಳೆದುಕೊಳ್ಳುವ ಜಾಣತನ ನಮ್ಮಲ್ಲಿ ವಿರಳವೇನಲ್ಲ.

ಗೇರಿನ ಕಾಲುಸನ್ನೆಯನ್ನು ತೆಗೆದು ಎಡಗಡೆಯ ಮುಚ್ಚಳ ಬಿಚ್ಚಿದರೆ ಒಳಗೆ ಕಾಣುವುದು ಮೂರು ವರ್ಷದ ಮಣ್ಣು, ಎಣ್ಣೆ ಬೆರೆತ ಕರಿಯ ಮುದ್ದೆ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಹರಿದ ಪಂಚೆ ಇದ್ದರೆ ಸಾಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಇಂಜಿನ್ ಓಡಿಸುತ್ತ ಚೈನನ್ನು ಬಟ್ಟೆಯಿಂದ ಒರೆಸುವವರುಂಟು. ಬಟ್ಟೆಯ ಹಿಂದೆಯೇ ಬೆರಳೂ ಹಲ್ಲಿನೊಳಕ್ಕೆ ಹೋಗುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಾಕು. ಅದೂ ಇಂಜಿನ್ ನಿಲ್ಲಿಸಿ, ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು.

ಮುಂದಿನ ಸ್ಪ್ರಾಕೆಟ್ಟಿನ ಎರಡು ಬೋಲ್ಟುಗಳನ್ನು ಹಳೆಯ ಚೈನು ಇರುವಾಗಲೇ ಸಡಿಲಿಸಿಕೊಳ್ಳಬೇಕು. ಗೇರಿನಲ್ಲಿಟ್ಟು ಹಿಂದಿನ ಬ್ರೇಕು ಒತ್ತಿ ಹಿಡಿದರೆ ಸ್ಪ್ರಾಕೆಟ್ಟು ಕೈಯೊಡನೆ ತಿರುಗುವುದಿಲ್ಲ. ಚೈನು ಕಳಚಿದ ಮೇಲೆ ಈ ಹಿಡಿತ ಸಿಕ್ಕದು. ಆಮೇಲೆ ಚೈನಿನ ಕವರು. ಹಳಬರಿಗೆ ನೆನಪಿರಬಹುದು, 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಚೈನು ಪೂರ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ಅಂದಕ್ಕಾಗಿ ಬತ್ತಲೆ ಚೈನು ತೋರಿಸುವ ಇಂದಿನ ಎಷ್ಟೋ ಗಾಡಿಗಳನ್ನು ನೋಡಿದಾಗ, ನಮ್ಮ ಧೂಳನ್ನೂ ನಮ್ಮ ಹೆಂಗಸರ ಸೆರಗನ್ನೂ ಆ ಹಳೆಯ ಯಂತ್ರವೇ ಚೆನ್ನಾಗಿ ಅರಿತಿತ್ತೆಂದು ನನಗೆ ತೋರುತ್ತದೆ.

ಹಳೆಯ ಚೈನು ಕೈಗೆ ಬಂದಾಗ ಅದನ್ನೂ ಹೊಸದನ್ನೂ ಲಾಕಿನ ಕೊಂಡಿಗಳ ಸಮೇತ ಗೋಡೆಯ ಒಂದೇ ಮೊಳೆಗೆ ಪಕ್ಕಪಕ್ಕ ತೂಗುಹಾಕಿದೆವು. ಎರಡೂ ಸಮ! ಕೂದಲೆಳೆಯಷ್ಟೂ ಭೇದವಿಲ್ಲ. ನೋಡಿದವರು ಹಳೆಯದರಲ್ಲಿ ಏನೂ ಕುಂದಿಲ್ಲವೆಂದೇ ಹೇಳಬೇಕು. ಹುಡುಗ ಬೆರಳಿಟ್ಟು ಎಣಿಸಿದ. ಹೊಸದರಲ್ಲಿ 104 ಕೊಂಡಿಗಳು, ಹಳೆಯದರಲ್ಲಿ 102. ಅಂಗಡಿಯಲ್ಲಿ ಕತ್ತರಿಸಿ ತೆಗೆದ ಎರಡು ಕೊಂಡಿಗಳ ಎಡೆಯನ್ನು ಉಳಿದ ನೂರೆರಡರ ಸವೆತ ತುಂಬಿಕೊಂಡಿತ್ತು. ಒಟ್ಟು ಉದ್ದ ಸರಿಯಾಗಿದ್ದರೂ ಒಂದು ಕೊಂಡಿಯಾದರೂ ತನ್ನ ಅಳತೆಯಲ್ಲಿರಲಿಲ್ಲ. ಹಲ್ಲು ಎದುರಿಸುವುದು ಒಂದೊಂದು ಕೊಂಡಿಯನ್ನೇ ಹೊರತು ಒಟ್ಟು ಉದ್ದವನ್ನಲ್ಲ. ಹುಡುಗ ಬಹಳ ಹೊತ್ತು ಅವೆರಡನ್ನೂ ನೋಡುತ್ತ ನಿಂತಿದ್ದ. “ನಾವೂ ಕಟ್ ಮಾಡಿ ಕೊಡ್ತೀವಿ ಸಾರ್, ಕೇಳಿದವರಿಗೆ” ಎಂದ ಮೆಲ್ಲಗೆ.

ಚಕ್ರ ಬಿಚ್ಚಿ ಹಿಂದಿನ ಸ್ಪ್ರಾಕೆಟ್ಟು ಬದಲಾಯಿಸಿದ್ದನ್ನು ವಿಸ್ತರಿಸುವುದಿಲ್ಲ. ನಟ್ಟು ಬಿಚ್ಚುವುದರಲ್ಲಿ ರಸವಿಲ್ಲ. ಹೊಸ ಚೈನಿನ ಎರಡು ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಕೂರಿಸಿದರೆ ಅವು ಅಲುಗದೆ ನಿಲ್ಲುತ್ತವೆ, ಲಾಕು ಹಾಕುವುದು ಸುಲಭ. ಲಾಕಿನ ಮೇಲಿನ ಕ್ಲಿಪ್ಪು ಮೀನಿನ ಆಕಾರದ ಪುಟ್ಟ ತಗಡು: ಒಂದು ಕಡೆ ಮುಚ್ಚಿದೆ, ಇನ್ನೊಂದು ಕಡೆ ಸೀಳಿದೆ. “ಮೀನು ಈಜೋ ಕಡೆ ತಲೆ ಸಾರ್, ಬಾಲ ಹಿಂದೆ” ಎಂದ ಹುಡುಗ. ಚೈನು ಸಾಗುವ ದಿಕ್ಕಿಗೆ ಮುಚ್ಚಿದ ತುದಿ ಇರಬೇಕು. ತಿರುಗುಮುರುಗಾದರೆ ಏನಾದರೂ ತಾಗಿದಾಗ ಕ್ಲಿಪ್ಪು ಕಳಚಿಕೊಳ್ಳಬಹುದು. ಪಠ್ಯಪುಸ್ತಕದ ಅರ್ಧ ಪುಟದ ವಿವರಣೆ ಆ ಒಂದು ವಾಕ್ಯದಲ್ಲಿ ಮುಗಿದಿತ್ತು. ಉಪಮೆ ಬರೆಯಿರಿ ಎಂದಾಗ ಇವನು ಉತ್ತರಪತ್ರಿಕೆಯಲ್ಲಿ ಜಾಗ ಖಾಲಿ ಬಿಟ್ಟಿದ್ದ.

ಕೊನೆಗೆ ಬಿಗಿ. ಚಕ್ರ ಓರೆಯಾಗದಂತೆ ಎರಡು ಪಕ್ಕದ ಗುರುತುಗಳೂ ಸಮನಾಗಿರಬೇಕು. ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಆಡಿಸಿದರೆ, ನನ್ನ ಗಾಡಿಗೆ, ಸುಮಾರು 25 ಮಿ.ಮೀ. ಆಡಬೇಕು. ತಂತಿಯಂತೆ ಬಿಗಿದರೆ ಗಟ್ಟಿಯೆಂದು ತಿಳಿಯಬಾರದು. ಇಬ್ಬರು ಕುಳಿತು ಗುಂಡಿಗೆ ಇಳಿದಾಗ ಚೈನು ಇನ್ನೂ ಬಿಗಿಯಾಗುತ್ತದೆ, ಬೇರಿಂಗುಗಳು ನರಳುತ್ತವೆ. ಚಕ್ರವನ್ನು ತಿರುಗಿಸಿ ನಾಲ್ಕೈದು ಕಡೆ ನೋಡಿ ಆಕ್ಸಲ್ ನಟ್ಟು ಬಿಗಿದು, ಕವರು ಮುಚ್ಚಿ, ಊರ ಹೊರಗಿನ ಏರಿನವರೆಗೆ ಒಬ್ಬನೇ ಹೋಗಿಬಂದೆ. ಕಡಕ್ ಎನ್ನಲಿಲ್ಲ. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೂತುಕೊಂಡು ತುಸು ಸಡಿಲವಾಗುವುದರಿಂದ ಬೇಗನೆ ಇನ್ನೊಮ್ಮೆ ನೋಡಬೇಕಾಗಿದೆ.

ಹುಡುಗ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬಿದ. ಹಳೆಯ ಚೈನನ್ನು ಕೊಡುವಿರಾ ಎಂದು ಕೇಳಿದ. ಗ್ಯಾರೇಜಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗರಿಗೆ ತೋರಿಸಬೇಕಂತೆ. ಕೊಟ್ಟೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಆ ಮರದ ಅಡಿಕೋಲನ್ನೂ ಕೇಳಿ ತೆಗೆದುಕೊಂಡು ಹೋದ.