ಒಂಟಿ ಹಾಯಿಯ ದೋಣಿಯೂ ಹರಿಹರದ ಲೇತ್ ಕೆಲಸವೂ

ತುಂಗಭದ್ರೆಯ ದಡದವರಿಗೆ ದೋಣಿ ಎಂದೊಡನೆ ನೆನಪಾಗುವುದು ಹರಿಗೋಲು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದಿಸಿದ ಈ ದೋಣಿಗಳು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆಂದು ಬರೆದಿದ್ದಾನೆ. ನೀರಿನೊಳಕ್ಕೆ ಇಳಿದ ಹಲಗೆಯಾಗಲಿ ಚುಕ್ಕಾಣಿಯಾಗಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಅಂತಹ ದೋಣಿಗೆ ಹಾಯಿ ಕಟ್ಟಿದರೂ ಅದು ಗಾಳಿ ತಳ್ಳಿದತ್ತಲೇ ಹೋದೀತು.

ಕ್ಯಾಟ್‌ಬೋಟ್ ಎಂಬ ಸಣ್ಣ ಹಾಯಿದೋಣಿ ಈ ಕೊರತೆಯನ್ನು ಸರಳವಾಗಿ ನೀಗಿಸಿದೆ. 19ನೆಯ ಶತಮಾನದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯ ಮೀನುಗಾರರಲ್ಲಿ ಬಳಕೆಗೆ ಬಂದ ಈ ದೋಣಿಯ ಅಗಲ ಉದ್ದದ ಅರ್ಧದಷ್ಟಿರುತ್ತದೆ. 1921ರಲ್ಲಿ ರೂಪುಗೊಂಡ ಬೀಟಲ್ ಕ್ಯಾಟ್ 12 ಅಡಿ 4 ಅಂಗುಲ ಉದ್ದ, 6 ಅಡಿ ಅಗಲವಿದೆ. ಹಾಯಿಮರ ದೋಣಿಯ ಮೂತಿಯ ಬಳಿಯಲ್ಲೇ ನಿಲ್ಲುತ್ತದೆ. ಹಾಯಿ ಒಂದೇ ಆದ್ದರಿಂದ ಒಬ್ಬನೇ ನಿಭಾಯಿಸಬಲ್ಲ. ನಡುವಿನ ಹಲಗೆಯನ್ನು ಇಳಿಸಿದರೆ ದೋಣಿ ಪಕ್ಕಕ್ಕೆ ಜಾರದೆ ಮುಂದೆ ಸಾಗುತ್ತದೆ, ಎತ್ತಿದರೆ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಹಗಲಿನ ವಿಹಾರಕ್ಕೂ ದಡದ ಗುಂಟ ಪ್ರಯಾಣಕ್ಕೂ ಒಪ್ಪುವ ಈ ದೋಣಿಗೆ ಮರಳದಿಬ್ಬಗಳಿರುವ ಶರಾವತಿ, ಅಘನಾಶಿನಿಗಳ ಅಳಿವೆಗಳು ಹೇಳಿಮಾಡಿಸಿದಂತಿವೆ.

ಕಡಲಿನಿಂದ ಇಷ್ಟು ದೂರದ ಹರಿಹರಕ್ಕೆ ಇದರ ಗೊಡವೆ ಏಕೆ? 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿದ ಮೇಲೂ ಲೇತ್ ವಿದ್ಯೆ ಇಲ್ಲಿನ ಸಣ್ಣ ಕಾರ್ಯಾಗಾರಗಳಲ್ಲಿ ಉಳಿದಿದೆ. ದೋಣಿಯ ಒಡಲು ಕಡಲ ತೀರದಲ್ಲಿಯೇ ಆಗುವುದು ಲೇಸು. ಅಷ್ಟು ದೊಡ್ಡ ಫೈಬರ್ ಒಡಲನ್ನು ಘಟ್ಟ ಇಳಿಸುವ ಲಾರಿ ಬಾಡಿಗೆಯೇ ಲಾಭವನ್ನು ನುಂಗೀತು. ಆದರೆ ಚುಕ್ಕಾಣಿಯ ಕೀಲು, ನಡುಹಲಗೆಯ ಪಿನ್ನು, ರಾಟೆ, ಹಾಯಿಮರದ ಬುಡದ ಕಪ್ಪು ಇವೆಲ್ಲ ಒಂದು ಗೋಣಿಚೀಲದಲ್ಲಿ ಹಿಡಿಸುತ್ತವೆ.

ಇವನ್ನು ಚಿಲ್ಲರೆ ಸಾಮಾನೆಂದು ಬಗೆಯುವಂತಿಲ್ಲ. ಕ್ಯಾಟ್‌ಬೋಟ್‌ನ ಹಾಯಿಮರಕ್ಕೆ ಸಾಮಾನ್ಯವಾಗಿ ಬದಿಯ ತಂತಿಗಳ ಆಸರೆಯಿಲ್ಲ. ಗಾಳಿಯ ಒತ್ತಡ 100 ಕಿಲೋ ಇದ್ದು ಅದು ಅಟ್ಟದಿಂದ 3 ಮೀಟರ್ ಮೇಲೆ ಬೀಳುತ್ತದೆ, ಹಾಯಿಮರ ಅಟ್ಟದ ಕೆಳಗೆ ಅರ್ಧ ಮೀಟರ್ ಮಾತ್ರ ಇಳಿದಿದೆ ಎನ್ನೋಣ. ಆಗ ಬುಡದ ಕಪ್ಪು 600 ಕಿಲೋ, ಅಟ್ಟದ ಬಳಿಯ ಪಟ್ಟಿ 700 ಕಿಲೋ ತಡೆಯಬೇಕಾಗುತ್ತದೆ. ರಭಸದ ಗಾಳಿಯಲ್ಲಿ ಇದು ಇನ್ನೂ ಏರುತ್ತದೆ. ಬೋಲ್ಟ್ ತುಂಡಾದರೆ ಮರವೇ ಉರುಳುತ್ತದೆ, ಒಂಟಿಯಾಗಿ ದೋಣಿಯಲ್ಲಿರುವವನು ದಡದಿಂದ ದೂರ ಸಿಲುಕುತ್ತಾನೆ.

ಲೋಹದ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪೇಟೆಯಲ್ಲಿ ಸುಲಭವಾಗಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಿಹಿನೀರಿಗೆ ಸಾಕು. ಉಪ್ಪುನೀರಿನಲ್ಲಿ ಮಾತ್ರ ಅದರ ಮೇಲೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಬೋಲ್ಟ್ ತಲೆಯ ಕೆಳಗಿನಂತಹ ಗಾಳಿಯಾಡದ ಸಂದುಗಳಲ್ಲಿ ತುಕ್ಕು ಕಣ್ಣಿಗೆ ಕಾಣದೆ ಕೊರೆಯುತ್ತದೆ. ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಸಾಧಾರಣ ಹಿತ್ತಾಳೆಯಂತೂ ಬೇಡ: ಉಪ್ಪುನೀರು ಅದರೊಳಗಿನ ಸತುವನ್ನು ಕರಗಿಸಿ ಟೊಳ್ಳು ತಾಮ್ರವನ್ನು ಬಿಡುತ್ತದೆ, ಹೊರನೋಟಕ್ಕೆ ಪಿನ್ನು ಇದ್ದಂತೆಯೇ ಇರುತ್ತದೆ. ಎರಕದ ಕೀಲುಗಳಿಗೆ ಅಲ್ಯುಮಿನಿಯಂ ಕಂಚು ಉತ್ತಮ.

ಲೇತ್‌ನಲ್ಲಿ 316 ದರ್ಜೆ ಒಂದಿಷ್ಟು ಹಟಮಾರಿ. ಉಳಿ ಮೊಂಡಾಗಿ ಕತ್ತರಿಸದೆ ಉಜ್ಜಿದರೆ ಮೇಲ್ಮೈ ಗಟ್ಟಿಯಾಗಿ ಮುಂದಿನ ಕಟ್ ಕೆಡುತ್ತದೆ. ಮೈಲ್ಡ್ ಸ್ಟೀಲ್‌ಗೆ ಬಳಸಿದ ತಂತಿ ಬ್ರಷ್ಷನ್ನು ಇದಕ್ಕೆ ತಾಗಿಸಲೇಬಾರದು. ಅಂಟಿದ ಕಬ್ಬಿಣದ ಕಣಗಳೇ ಮೊದಲು ತುಕ್ಕು ಹಿಡಿದು ಒಳ್ಳೆಯ ಮಾಲಿಗೂ ಕೆಟ್ಟ ಹೆಸರು ತರುತ್ತವೆ.

ಬೇಡಿಕೆಯ ವಿಚಾರದಲ್ಲಿ ಭ್ರಮೆ ಇರಬಾರದು. ನಮ್ಮಲ್ಲಿ ವಿಹಾರದ ಹಾಯಿದೋಣಿಗಳು ವಿರಳ. ಪಂದ್ಯಗಳ ಲೇಸರ್ ದೋಣಿಯದೂ ಒಂಟಿ ಹಾಯಿಯೇ ಆದರೂ, ಮಾನ್ಯತೆ ಪಡೆದ ತಯಾರಕರ ಭಾಗಗಳನ್ನೇ ಬಳಸಬೇಕೆಂಬ ನಿಯಮ ಅಲ್ಲಿದೆ. ಇದೇ ಲೋಹ, ಇದೇ ಕೌಶಲ ಬೇಡುವ ಮಲ್ಪೆ, ಮಂಗಳೂರು, ಕಾರವಾರಗಳ ಮೀನುಗಾರಿಕಾ ದೋಣಿಗಳೇ ನಿಜವಾದ ಗಿರಾಕಿ. ಅಲ್ಲಿ ನೆಲೆಯೂರಿದವರಿಗೆ ಹಾಯಿದೋಣಿಯ ಬಿಡಿಭಾಗ ಹೆಚ್ಚುವರಿ ಆದಾಯವಾದೀತು.

ದರ ತಿಳಿಸುವ ಮುನ್ನ ತೆರಿಗೆಯನ್ನೂ ನೋಡಬೇಕು. ಮೀನುಗಾರಿಕಾ ದೋಣಿಗೆ (ಶೀರ್ಷಿಕೆ 8902) ಜಿಎಸ್‌ಟಿ ಶೇ. 5, ವಿಹಾರ ಹಾಗೂ ಕ್ರೀಡಾ ದೋಣಿಗೆ (ಶೀರ್ಷಿಕೆ 8903) 2025ರ ಸೆಪ್ಟೆಂಬರ್ 22ರಿಂದ ಶೇ. 40. ದೋಣಿಯ ಬಿಡಿಭಾಗಗಳಿಗೆ ಶೇ. 5ರ ದರ ನೀಡುವ ನಮೂದಿನಲ್ಲಿ 8902 ಸೇರಿದೆ, 8903 ಸೇರಿಲ್ಲ. ಒಂದೇ ಲೇತ್‌ನಿಂದ ಇಳಿದ ಒಂದೇ ಬಗೆಯ ಕೀಲು ಯಾವ ದೋಣಿಗೆ ಹೋಗುತ್ತದೆ ಎಂಬುದು ಖರೀದಿ ಆದೇಶದಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು.