ಹಾಡಿದವರು, ಬರೆದವರು: ‘ವಿದೌಟ್ ಯೂ’ ಹಾಡಿನ ಚರಿತ್ರೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ಆರಂಭದ ದಿನಗಳ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದರು. ಆ ವಿಷಯವನ್ನು ನನಗಿಂತ ಹಿರಿಯರು ಬರೆದಿರುವುದರಿಂದ, ಒಂದು ಇಂಗ್ಲಿಷ್ ಹಾಡಿನ ಚರಿತ್ರೆಯನ್ನು ಬರೆಯಲು ಅನುಮತಿ ಬೇಡಿದೆನು. ಕನ್ನಡ ಮಾಧ್ಯಮದ ಈ ಮೆಟ್ರಿಕ್ ಮಾಸ್ತರನಿಗೆ ಇದೇನು ಹುಚ್ಚು ಎಂದು ಹಳೆ ವಿದ್ಯಾರ್ಥಿಗಳು ನಗಬಾರದು. ಇದರಲ್ಲಿ ನನ್ನದೊಂದು ಸಾಲವಿದೆ.

1995ರಲ್ಲಿ ನಮ್ಮ ಶಾಲೆಯ ರಸಪ್ರಶ್ನೆ ಸ್ಪರ್ಧೆಯನ್ನು ನಾನು ನಡೆಸುತ್ತಿದ್ದೆನು. ಕಾಸರಗೋಡಿನ ಮನೆಮನೆಗೂ ಆಗ ಕೊಲ್ಲಿ ರಾಷ್ಟ್ರಗಳಿಂದ ಟೇಪ್ ರೆಕಾರ್ಡರುಗಳು ಬರುತ್ತಿದ್ದ ಕಾಲ. ಹಳೆ ವಿದ್ಯಾರ್ಥಿಯೊಬ್ಬರು ಬರೆದುಕೊಟ್ಟ ಪ್ರಶ್ನೆಗಳಲ್ಲಿ ‘ವಿದೌಟ್ ಯೂ’ ಹಾಡನ್ನು ರಚಿಸಿದವರು ಯಾರೆಂಬುದೂ ಒಂದು. ಒಂದು ತಂಡ ‘ಮರಾಯಾ ಕ್ಯಾರಿ’ ಎಂದಿತು. ಇನ್ನೊಂದು ತಂಡದ ಒಂಬತ್ತನೆಯ ತರಗತಿಯ ಹುಡುಗನು ಎದ್ದು ‘ಹ್ಯಾಮ್ ಮತ್ತು ಇವಾನ್ಸ್’ ಎಂದನು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ನಿಲ್ಸನ್’ ಎಂದಿತ್ತು. ಎರಡೂ ತಪ್ಪೆಂದು ಸಾರಿದೆನು. “ಮಾಸ್ಟ್ರೇ, ಅಣ್ಣ ತಂದ ಕ್ಯಾಸೆಟಿನ ಕಾಗದದಲ್ಲಿ ಹಾಗೆಯೇ ಅಚ್ಚಾಗಿದೆ” ಎಂದು ಅವನು ಹೇಳಿದಾಗ, ವಾದಿಸಬಾರದೆಂದು ಕುಳ್ಳಿರಿಸಿದೆನು. ಎರಡು ಅಂಕಗಳಿಂದ ಅವನ ತಂಡ ಸೋತಿತು.

ನಿವೃತ್ತನಾದ ಎಷ್ಟೋ ವರ್ಷಗಳ ಬಳಿಕ ಮೊಮ್ಮಗಳು ತನ್ನ ಮೊಬೈಲಿನಲ್ಲಿ ಈ ಹಾಡಿನ ಮೂರು ಧ್ವನಿಮುದ್ರಣಗಳನ್ನು ಒಂದರ ಹಿಂದೊಂದರಂತೆ ಕೇಳಿಸಿದಳು. ಅಂದಿನಿಂದ ಈ ವಿಷಯವನ್ನು ಹುಡುಕಿ ಓದಿದೆನು.

ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್ಸಿ ಪಟ್ಟಣದ ಪೀಟ್ ಹ್ಯಾಮ್ ಮತ್ತು ಲಿವರ್‌ಪೂಲಿನ ಟಾಮ್ ಇವಾನ್ಸ್ ಒಂದೇ ವಾದ್ಯತಂಡದಲ್ಲಿದ್ದರು. ಮೊದಲು ‘ದಿ ಐವೀಸ್’ ಎಂದಿದ್ದ ತಂಡವನ್ನು 1968ರಲ್ಲಿ ಬೀಟಲ್ಸ್ ಗಾಯಕರ ಆಪಲ್ ಸಂಸ್ಥೆಯು ಸೇರಿಸಿಕೊಂಡಿತು. ಮುಂದೆ ಅದು ‘ಬ್ಯಾಡ್‌ಫಿಂಗರ್’ ಎಂಬ ಹೆಸರು ತಳೆಯಿತು. ಹ್ಯಾಮ್ ಒಂದು ಹಾಡಿನ ಚರಣವನ್ನು ಬರೆದು, ತಕ್ಕ ಪಲ್ಲವಿ ಹೊಳೆಯದೆ ಬಿಟ್ಟಿದ್ದರು. ಇವಾನ್ಸರ ಬಳಿ ಪಲ್ಲವಿಯೊಂದಿತ್ತು, ಅದಕ್ಕೆ ಚರಣವಿರಲಿಲ್ಲ. ಎರಡನ್ನೂ ಬೆಸೆದಾಗ ‘ವಿದೌಟ್ ಯೂ’ ಆಯಿತು. ನಲ್ಲೆಯ ಅಗಲಿಕೆಯೇ ಅದರ ವಸ್ತು. 1970ರ ‘ನೋ ಡೈಸ್’ ಎಂಬ ಧ್ವನಿಮುದ್ರಿಕೆಯ ಮೊದಲ ಮಗ್ಗುಲಿನ ಕೊನೆಯಲ್ಲಿ ಅದಕ್ಕೆ ಸ್ಥಳ ಸಿಕ್ಕಿತು. ಅದು ತಮ್ಮ ಮುಖ್ಯ ಹಾಡೆಂದು ತಂಡದವರಿಗೂ ಅನಿಸಿರಲಿಲ್ಲ. ಬಿಡಿ ತಟ್ಟೆಯಾಗಿ, ಎಂದರೆ ಮಗ್ಗುಲಿಗೊಂದೇ ಹಾಡಿರುವ ಚಿಕ್ಕ ‘ಸಿಂಗಲ್’ ಆಗಿ, ಆರಿಸಿದ್ದು ಬೇರೊಂದನ್ನು.

ಅಮೆರಿಕದ ಹ್ಯಾರಿ ನಿಲ್ಸನ್ ಎಂಬವರು ರಾತ್ರಿ ಪಾಳಿಯಲ್ಲಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಾ ಹಾಡು ಕಟ್ಟಿದವರು. (ಮಾಸ್ತರಿಕೆ ಮಾಡುತ್ತಾ ಯಕ್ಷಗಾನ ಪ್ರಸಂಗ ಬರೆದವರನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.) ಒಂದು ಕೂಟದಲ್ಲಿ ಈ ಹಾಡನ್ನು ಕೇಳಿದ ಅವರು ಅದು ಬೀಟಲ್ಸ್ ಹಾಡೆಂದೇ ತಿಳಿದರಂತೆ! 1971ರಲ್ಲಿ ಲಂಡನ್ನಿನಲ್ಲಿ, ರಿಚರ್ಡ್ ಪೆರಿಯವರ ನಿರ್ಮಾಣದಲ್ಲಿ, ಅದನ್ನು ಹಾಡಿದರು. ಬ್ಯಾಡ್‌ಫಿಂಗರಿನ ಹಾಡಿಕೆ ತುಸು ಒರಟು. ಗಿಟಾರು ಮುಂದೆ, ಭಾವ ಹಿಂದೆ. ನಿಲ್ಸನ್ನರದು ಪಿಯಾನೊದಿಂದ ಮೆಲ್ಲನೆ ತೊಡಗುತ್ತದೆ, ಪಿಟೀಲುಗಳ ಮೇಳ ಬಂದು ಕೂಡುತ್ತದೆ, ಪಲ್ಲವಿಯು ತಗ್ಗಿದ ಸ್ವರದಿಂದ ಹೊರಟು ಬಳಿಕ ತಾರಸ್ಥಾಯಿಗೇರುತ್ತದೆ. ರಾಕ್ ಸಂಗೀತದ ಅಬ್ಬರವನ್ನು ಹೀಗೆ ತಗ್ಗಿಸಿ ಇಂಪಾಗಿಸಿದ ಬಗೆಗೆ ‘ಸಾಫ್ಟ್ ರಾಕ್’ ಎಂದು ಹೆಸರು. 1972ರಲ್ಲಿ ಈ ತಟ್ಟೆಯು ಅಮೆರಿಕದಲ್ಲಿ ನಾಲ್ಕು ವಾರ, ಬ್ರಿಟನ್ನಿನಲ್ಲಿ ಐದು ವಾರ ಪ್ರಥಮ ಸ್ಥಾನದಲ್ಲಿತ್ತು. ನಿಲ್ಸನ್ನರಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಬೇರೆಯವರು ಹಾಡಿದರೂ ರಚಿಸಿದವರಿಗೆ ರಾಯಲ್ಟಿಯ ಪಾಲು ಸಲ್ಲುವುದು ಆ ದೇಶಗಳ ನಿಯಮ. ಆದರೆ ತಂಡದ ಹಣವೆಲ್ಲ ಅಮೆರಿಕದ ವ್ಯವಸ್ಥಾಪಕರೊಬ್ಬರ ಹಿಡಿತದಲ್ಲಿತ್ತು. ಹಾಡುಗಾರರಿಗೆ ಸಿಗುತ್ತಿದ್ದುದು ಸಂಬಳ ಮಾತ್ರ. 1974ರ ಕೊನೆಗೆ, ಮುಂಗಡದ ಲೆಕ್ಕ ಸಿಗದೆ, ಅವರ ಹೊಸ ಧ್ವನಿಮುದ್ರಣ ಸಂಸ್ಥೆಯೇ ದಾವೆ ಹೂಡಿತು. ಅಂಗಡಿಗೆ ಬಂದಿದ್ದ ಅವರ ಮುದ್ರಿಕೆ ಹಿಂದೆ ಹೋಯಿತು. ಕೈ ಬರಿದಾಗಿ, ಮನೆಯಲ್ಲಿ ಸಂಗಾತಿ ಗರ್ಭಿಣಿಯಾಗಿರುವಾಗ, 1975ರ ಏಪ್ರಿಲ್ 24ರಂದು ಪೀಟ್ ಹ್ಯಾಮ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮೂರು ದಿನ ಕಳೆದಿದ್ದರೆ ಅವರಿಗೆ 28 ತುಂಬುತ್ತಿತ್ತು. ಇದೇ ಹಾಡಿನ ರಾಯಲ್ಟಿಯ ಪಾಲಿನ ತಕರಾರಿನಲ್ಲಿ ಬೆಂದ ಇವಾನ್ಸರೂ 1983ರಲ್ಲಿ ಅದೇ ದಾರಿ ಹಿಡಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

1994ರ ಜನವರಿಯಲ್ಲಿ ನಿಲ್ಸನ್ ತೀರಿಕೊಂಡರು. ಅದೇ ತಿಂಗಳು ಮರಾಯಾ ಕ್ಯಾರಿಯವರ ಹಾಡಿಕೆ ಅಮೆರಿಕದಲ್ಲಿ ಸಿಂಗಲ್ಲಾಗಿ ಹೊರಬಂತು. ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಪ್ರಥಮ ಸ್ಥಾನಕ್ಕೇರಿತು. ನಮ್ಮೂರಿಗೆ ಬಂದ ಕ್ಯಾಸೆಟ್ ಆಕೆಯದೇ. ಅದರ ಕಾಗದದ ಇರುವೆಸಾಲಿನಂಥ ಅಕ್ಷರಗಳಲ್ಲಿ ರಚನಕಾರರ ಹೆಸರುಗಳಿದ್ದವು. ನಮ್ಮಲ್ಲಿಯೂ ಶಿಶುನಾಳ ಶರೀಫರ ಪದಗಳನ್ನು ‘ಅಶ್ವತ್ಥರ ಹಾಡು’ ಎಂದೇ ಕರೆಯುವವರು ಎಷ್ಟಿಲ್ಲ! ಕಾಗದವನ್ನು ಬಿಡಿಸಿ ಓದಿದವನು ಆ ಸಭೆಯಲ್ಲಿ ಒಬ್ಬನೇ, ಅವನನ್ನು ನಾನು ಕುಳ್ಳಿರಿಸಿದೆನು.

2013ರ ಏಪ್ರಿಲ್ 27ರಂದು, ಹ್ಯಾಮ್ ಹುಟ್ಟಿದ ದಿನ, ಸ್ವಾನ್ಸಿಯ ಐವಿ ಪ್ಲೇಸ್ ಎಂಬಲ್ಲಿ ಅವರ ಹೆಸರಿನ ನೀಲಿ ಫಲಕವೊಂದನ್ನು ಅನಾವರಣಗೊಳಿಸಿದರು. ತಂಡದ ಮೊದಲ ಹೆಸರು ಬಂದದ್ದು ಆ ಜಾಗದಿಂದಲೇ.

ನಮ್ಮ ಹುಡುಗನು ಈಗ ದೋಹಾದಲ್ಲಿ ಇರುವನೆಂದು ಕೇಳಿದ್ದೇನೆ. ಮಹೋತ್ಸವಕ್ಕೆ ಬರುವನೋ ಇಲ್ಲವೋ ತಿಳಿಯದು; ಸಂಚಿಕೆಯಂತೂ ತಲುಪೀತು. ತಮ್ಮಾ, ನಿನ್ನ ಉತ್ತರ ಸರಿಯಾಗಿತ್ತು. ಎರಡು ಅಂಕಗಳು ನಿನಗೆ ಸಲ್ಲತಕ್ಕವು.